ಕಂಬಳಿ ಕಾವಲಿನ ಕಳ್ಳ ಪ್ರತಿ

“ಭಿಕ್ಷೆ ಬೇಡೋರೂ ಕೇಳಿ ತಿಂತಾರೆ ಕಣ್ರೀ. ನಿಮ್ಮ ಕಡೆ ಕನ್ನಡದವ್ರು ಕೇಳೋದೂ ಇಲ್ಲ. ಕದ್ದೇ ತಿಂತಾರೆ.”

ಇಷ್ಟು ಆಡಿದವನು ಬೆಂಗಳೂರಿನ ಅಭಯ. ಆಡಿದ್ದು ಮಹಾರಾಷ್ಟ್ರದ ಮಗ್ಗದೂರು ಇಚಲಕರಂಜಿಯ ಪೊಲೀಸ್ ಠಾಣೆಯ ನಡು ಹಾಲಿನಲ್ಲಿ, 12 ಆಗಸ್ಟ್ 2025, ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಕೇಳಿಸಿಕೊಂಡವರು ಕಡಿಮೆಯೇನಿರಲಿಲ್ಲ. ಇಬ್ಬರು ಕಾನ್‌ಸ್ಟೇಬಲ್‌ಗಳು, ಹವಾಲ್ದಾರ ದಾದಾಸಾಹೇಬ, ಕಳೆದ ಮೊಬೈಲಿನ ದೂರು ಬರೆಸಲು ಬಂದ ಒಂದು ಸಂಸಾರ, ಪಕ್ಕದ ಗಲ್ಲಿಯ ಜಗಳ ಹೊತ್ತು ತಂದಿದ್ದ ನಾಲ್ವರು ಹೆಂಗಸರು. ಮಾತು ಯಾರಿಗೆ ತಾಗಲೆಂದು ಎಸೆದಿದ್ದನೋ ಅವನಿಗೇ ತಾಗಿತು: ಸಹಾಯಕ ಇನ್‌ಸ್ಪೆಕ್ಟರ್ ಪರಪ್ಪನಿಗೆ. ಆ ಠಾಣೆಯಲ್ಲಿ ಮನೆಮಾತು ಕನ್ನಡ ಇದ್ದ ಅಧಿಕಾರಿ ಅವನೊಬ್ಬನೇ.

ಪರಪ್ಪನ ಕಿವಿ ಕಾದ ಹಂಚಿನಂತಾಯಿತು. ಪೆನ್ನು ತೆಗೆದ.

“ದೂರು ಹೇಳ್ರಿ.”

ಅಭಯ ಒಂದು ಸಿನಿಮಾ ಕಂಪನಿಯ ಪರವಾಗಿ ಕಳ್ಳ ಪ್ರತಿ ಹುಡುಕುವ ಕೆಲಸದವನು. ಇಸ್ತ್ರಿ ಮುರಿಯದ ಅಂಗಿ, ಮುಖದ ತುಂಬ ಅವಸರ. ಅವನ ದೂರು ಹೀಗಿತ್ತು. ‘ಕಂಬಳಿ ಕಾವಲು’ ಎಂಬ ಕನ್ನಡ ಚಿತ್ರ ಜುಲೈ 25ರಂದು ಕರ್ನಾಟಕದಲ್ಲಿ ತೆರೆಕಂಡಿತ್ತು. ಆಗಸ್ಟ್ 6ರಂದು ಅದರ ಕಳ್ಳ ಪ್ರತಿ ‘ಇಚಲಕರಂಜಿ ಕನ್ನಡ ಮಂದಿ’ ಎಂಬ ಮೊಬೈಲ್ ಗುಂಪಿನಲ್ಲಿ ಕಾಣಿಸಿತು. ಗುಂಪಿನಲ್ಲಿ ನಾಲ್ಕು ಸಾವಿರದ ಮೇಲೆ ಜನ. ಗುಂಪು ನಡೆಸುವವರ ನಂಬರು ಯಾರಿಗೂ ಕಾಣುವುದಿಲ್ಲ.

“ಈ ಸಿನಿಮಾ ಇಚಲಕರಂಜಿಯಾಗ ಯಾವ ಟಾಕೀಜಿಗೆ ಹಚ್ಚಿದ್ರಿ?” ಪರಪ್ಪ ಕೇಳಿದ.

“ಇಲ್ಲಿ ಹಾಕಿರ್ಲಿಲ್ಲ.”

“ಕೊಲ್ಹಾಪುರದಾಗ?”

“ಇಲ್ಲ. ಗಡಹಿಂಗ್ಲಜದಲ್ಲಿ ಮಾತ್ರ, ಮೂರು ದಿನ, ಬೆಳಿಗ್ಗೆ ಹತ್ತರ ಆಟ.”

“ಮೊಬೈಲ್‌ನ್ಯಾಗ? ಟಿವಿಯಾಗ?”

“ಯಾವ ಆ್ಯಪ್‌ನವರೂ ತಗೊಂಡಿಲ್ಲ. ಮಾತುಕತೆ ನಡೀತಾ ಇದೆ.”

“ಅಂದ್ರ ಇವತ್ತ ನಾ ರೊಕ್ಕ ಹಿಡಕೊಂಡು ನಿಂತ್ರೂ ಎಲ್ಲಿ ಸಿಗತೈತ್ರೀ?”

“ಅದು ನಿಮಗ್ಯಾಕ್ರೀ? ನೀವು ಕಳ್ಳನ್ನ ಹಿಡೀರಿ.”

ಹಾಲಿನಲ್ಲಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಮಧ್ಯಾಹ್ನ ಒಂದಕ್ಕೆ ಎಫ್‌ಐಆರ್ ದಾಖಲಾಯಿತು. ಸಿನಿಮಾಟೋಗ್ರಾಫ್ ಕಾಯ್ದೆಯ ಕಲಂ 6ಎಎ ಮತ್ತು 6ಎಬಿ, ಕಾಪಿರೈಟ್ ಕಾಯ್ದೆಯ ಕಲಂ 63. ತನಿಖಾಧಿಕಾರಿ ಪರಪ್ಪ. ಠಾಣೆಯ ಹಿರಿಯ ಇನ್‌ಸ್ಪೆಕ್ಟರರು ಫೈಲನ್ನು ಅವನ ಕಡೆ ಸರಿಸಿ, “ನಿಮ್ಮವರದ್ದು. ನೀನೇ ನೋಡು,” ಎಂದು ಮರಾಠಿಯಲ್ಲಿ ಹೇಳಿ ಊಟದ ಡಬ್ಬಿ ಬಿಚ್ಚಿದರು.

ನಿಮ್ಮವರಂತೆ. ಊರಲ್ಲಿ ಮಗ್ಗ ಹೊಡೆಯುವಾಗ ಊರಿನವರು, ಕಳ್ಳತನ ಆದಾಗ ನಿಮ್ಮವರು.

ದಾದಾಸಾಹೇಬ ಕಳ್ಳ ಪ್ರತಿಯನ್ನು ಠಾಣೆಯ ಕಂಪ್ಯೂಟರಿನಲ್ಲಿ ಹಚ್ಚಿದ. ಅವನು ಕನ್ನಡ ಮಾತಾಡುವ ಮರಾಠಿಗ, ಗಡಿಯ ದತ್ತವಾಡದವನು. ಇಪ್ಪತ್ತು ವರ್ಷದಲ್ಲಿ ಇಂಥ ಪ್ರತಿ ಬೇಕಾದಷ್ಟು ಕಂಡವನು. ಚಿತ್ರ ಓರೆ, ಮುಂದಿನವನ ತಲೆ ಅಡ್ಡ, ಶಬ್ದ ಬಾವಿಯೊಳಗಿಂದ ಬಂದಂತೆ, ಮೂಲೆಯಲ್ಲಿ ಜೂಜಾಟದ ಜಾಹೀರಾತು. ಇದರಲ್ಲಿ ಜಾಹೀರಾತು ಒಂದೂ ಇರಲಿಲ್ಲ. ಚಿತ್ರ ಸ್ವಲ್ಪ ಓರೆಯಿತ್ತು, ನಿಜ. ಆದರೆ ಸಂಗೀತವನ್ನು ಹಿಂದಕ್ಕೆ ತಳ್ಳಿ ಮಾತನ್ನು ಮುಂದಕ್ಕೆ ತಂದಿದ್ದರು. ಕೆಳಗೆ ಹಳದಿ ಬಣ್ಣದ ದಪ್ಪ ಕನ್ನಡ ಅಕ್ಷರಗಳಲ್ಲಿ ಆಡಿದ ಮಾತೆಲ್ಲ ಬರುತ್ತಿತ್ತು. ಮಾತಿಲ್ಲದ ಕಡೆ ‘ಕುರಿ ಒದರುತ್ತಿದೆ’, ‘ಹೊರಗೆ ಮಳೆಯ ಸಪ್ಪಳ’ ಎಂದು ಬರೆದಿತ್ತು.

“ಸಾಹೇಬ, ಕಳ್ಳ ಇಷ್ಟ ಯಾಕ ಮೈ ಮುರದು ದುಡದಾನ್ರಿ?” ದಾದಾಸಾಹೇಬ ತಲೆ ಕೆರೆದುಕೊಂಡ. “ಬರೋಬ್ಬರಿ ಎರಡು ತಾಸಿನ ಮಾತು ಕುಂತು ಟೈಪ್ ಮಾಡ್ಯಾನ.”

ಪರಪ್ಪ ಕುರ್ಚಿ ಎಳೆದುಕೊಂಡು ಪ್ರತಿಯನ್ನು ಕೊನೆಯವರೆಗೂ ನೋಡಿದ.

ಮರುದಿನ ಕೊಲ್ಹಾಪುರದ ಸೈಬರ್ ಶಾಖೆಗೆ ಹೋದ. ಅಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಗುಂಪು ನಡೆಸುವವರ ನಂಬರು ಕೇಳಿ ಆ್ಯಪ್ ಕಂಪನಿಗೆ ಪತ್ರ ಹೋಗಬೇಕು, ಉತ್ತರಕ್ಕೆ ಒಂದೂವರೆ ತಿಂಗಳು. ಚಿತ್ರೀಕರಿಸಿದ್ದು ಗಡಹಿಂಗ್ಲಜದಲ್ಲಾದರೆ ಪ್ರಕರಣ ಗಡಹಿಂಗ್ಲಜದ್ದಲ್ಲವೇ ಎಂದು ಒಬ್ಬರು, ಹರಡಿದ್ದು ಇಚಲಕರಂಜಿಯಲ್ಲಾದರೆ ಅಲ್ಲಿಯದೇ ಎಂದು ಇನ್ನೊಬ್ಬರು. ಮೂರು ಕಪ್ ಚಹಾ ಮುಗಿದವು. ಕೈಗೆ ಸಿಕ್ಕಿದ್ದು ಒಂದೇ ಹಾಳೆ. ಚಿತ್ರದೊಳಗೆ ಕಣ್ಣಿಗೆ ಕಾಣದ ಗುರುತು ಇರುತ್ತದಂತೆ, ಪ್ರತಿ ಟಾಕೀಜಿಗೆ ಬೇರೆ, ಪ್ರತಿ ಆಟಕ್ಕೆ ಬೇರೆ. ಆ ಗುರುತಿನ ಪ್ರಕಾರ ಕಳ್ಳ ಪ್ರತಿ ತೆಗೆದದ್ದು ಗಡಹಿಂಗ್ಲಜದಲ್ಲಿ, ಆಗಸ್ಟ್ 2, ಶನಿವಾರ, ಬೆಳಿಗ್ಗೆ ಹತ್ತರ ಆಟದಲ್ಲಿ.

ಸಂಜೆ ಆರಕ್ಕೆ ಮನೆ ಮುಟ್ಟಿದ. ತಾಯಿ ಅಕ್ಕವ್ವ ಕಟ್ಟೆಯ ಮೇಲೆ ಕುಳಿತು ಮೊಬೈಲನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಅರವತ್ಮೂರು ವರ್ಷದ ಹೆಂಗಸು. ಮೂವತ್ತು ವರ್ಷ ಪವರ್‌ಲೂಮ್ ಶೆಡ್ಡಿನ ಸದ್ದಿನಲ್ಲಿ ಲಾಳಿಯ ಕಂಡಿಗೆ ನೂಲು ಸುತ್ತಿ ಸುತ್ತಿ ಎರಡೂ ಕಿವಿ ಕಳೆದುಕೊಂಡಿದ್ದಳು. ಕಿವಿಯ ಮಶೀನು ಸಿಳ್ಳೆ ಹೊಡೆಯುತ್ತದೆಂದು ಅದನ್ನು ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದಳು. ಕೇಬಲ್‌ನವನು ಕನ್ನಡ ಚಾನೆಲ್ಲುಗಳನ್ನು ತೆಗೆದು ಮೂರು ವರ್ಷವಾಗಿತ್ತು.

ಮಗ ಹಿಂದಿನಿಂದ ಬಂದದ್ದು ಅವಳಿಗೆ ಕೇಳಿಸಲಿಲ್ಲ. ಪರದೆಯ ಮೇಲೆ ಹಳದಿ ಬಣ್ಣದ ದಪ್ಪ ಅಕ್ಷರ. ‘ಹೊರಗೆ ಮಳೆಯ ಸಪ್ಪಳ.’

ಪರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ.

ಅಕ್ಕವ್ವ ನೆರಳು ಕಂಡು ತಿರುಗಿದಳು. ಕಿವುಡರ ದೊಡ್ಡ ದನಿಯಲ್ಲಿ, “ಬಾ ಬಾ. ಭಾಳ ಚಲೋ ಐತಿ ಇದು! ಕಂಬಳಿ ನೇಯೋ ಮುದುಕಿ ಐತಿ ನೋಡು, ತನ್ನ ಕಳಕೊಂಡ ತಂಗಿನ್ನ ಹುಡಿಕ್ಕೊಂತ ಹೊಂಟೈತಿ. ಅರ್ಧ ನೋಡೇನಿ. ಕಣ್ಣು ನೋಯತಾವಂತ ದಿನಾ ಸ್ವಲ್ಪ ಸ್ವಲ್ಪ ನೋಡಾಕತ್ತೇನಿ,” ಎಂದಳು. ಆಮೇಲೆ ಮಗನ ಮುಖ ನೋಡಿ, “ಯಾಕೋ, ಮಾರಿ ಯಾಕ ಹಂಗ ಮಾಡೀದಿ?”

ನಿನ್ನೆ ಹತ್ತು ಜನರ ಮುಂದೆ ‘ಕದ್ದೇ ತಿಂತಾರೆ’ ಎಂದವನ ಮಾತಿಗೆ ಸಾಕ್ಷಿ ಇವನ ಮನೆಯ ಕಟ್ಟೆಯ ಮೇಲೇ ಕುಳಿತಿದೆ. ಈ ಮೊಬೈಲಿನ ವಿಷಯ ಡೈರಿಯಲ್ಲಿ ಬರೆದುಕೊಂಡರೆ ಅವ್ವ ಸಾಕ್ಷಿದಾರಳು, ಅವಳ ಮೊಬೈಲು ಮುದ್ದೆಮಾಲು, ಜಪ್ತಿಯ ವಸ್ತು. ಬರೆದುಕೊಳ್ಳದಿದ್ದರೆ ಇವನೂ ಕಳ್ಳನೇ, ಖಾಕಿ ತೊಟ್ಟ ಕಳ್ಳ. ಪರಪ್ಪ ಕಾಲು ತೊಳೆದು ಊಟಕ್ಕೆ ಕುಳಿತ. ಆ ದಿನದ ಕೇಸ್ ಡೈರಿಯಲ್ಲಿ ಕೊಲ್ಹಾಪುರದ ವಿಷಯ ಮಾತ್ರ ಬರೆದ.

14 ಆಗಸ್ಟ್, ಗುರುವಾರ. ಪರಪ್ಪ, ದಾದಾಸಾಹೇಬ ಇಬ್ಬರೂ ಗಡಹಿಂಗ್ಲಜಕ್ಕೆ ಹೋದರು. ಟಾಕೀಜಿನ ಮ್ಯಾನೇಜರ್ ಅತುಲ ಕೈ ಮುಗಿದ.

“ಕಾಯ್ ಸಾಂಗೂ ಸಾಹೇಬ, ಏನು ಹೇಳ್ಲಿ! ದೊಡ್ಡ ಹಿಂದಿ ಪಿಚ್ಚರ್ ಇತ್ತರಿ. ಮಧ್ಯಾಹ್ನದ ಆಟ, ಸಂಜೀ ಆಟ ಎಲ್ಲಾ ಅದಕ್ಕ. ಕನ್ನಡದ್ದಕ್ಕ ಬೆಳಿಗ್ಗೆ ಹತ್ತು. ಕೂಲಿ ಮಂದಿ ಆ ಹೊತ್ತಿನಾಗ ಬರತಾರೇನ್ರಿ? ಶನಿವಾರ ಹನ್ನೊಂದು ಮಂದಿ ಇದ್ರು.”

“ಅವರೊಳಗ ಯಾರರೆ ನೆನಪದಾರೇನು?”

“ಒಬ್ಬ ಮುದುಕಪ್ಪ ಅದಾನ್ರಿ, ಮರೀಯಾಕ ಆಗಂಗಿಲ್ಲ. ಗ್ವಾಡಿಗಿರೋ ಸ್ಪೀಕರಿಗೆ ಅಂಗೈ ಹಚ್ಚಿಕೊಂಡು ನಿಂತಿದ್ದ. ಪೂರಾ ಕಿವುಡ. ಕುಂಡ್ರಪಾ ಅಂದ್ರ ‘ಕೈಲೆ ಕೇಳಾಕತ್ತೇನಿ’ ಅಂತ ಒದರಿದ. ಜೊತೀಗೆ ಮಗಳೋ ಮೊಮ್ಮಗಳೋ ಒಬ್ಬಾಕಿ.”

ಸಿಸಿಟಿವಿಯಲ್ಲಿ ಹದಿನೈದು ದಿನದ ಚಿತ್ರ ಉಳಿಯುತ್ತಿತ್ತು. ಹನ್ನೆರಡು ದಿನ ಕಳೆದಿದ್ದವು. ಮಧ್ಯಂತರದ ದೃಶ್ಯ ಸಿಕ್ಕಿತು. ಹುಡುಗಿ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡಿದ್ದಳು, ಕಣ್ಣು ಬಿಟ್ಟು ಏನೂ ಕಾಣದು. ಮುದುಕನ ಮುಖದ ಮೇಲೆ ಕಿಟಕಿಯ ಬೆಳಕು ಬಿದ್ದು ಪೂರ್ತಿ ಬಿಳಿಚಿತ್ತು. ಶಬ್ದ ಇಲ್ಲ.

“ಮುಗೀತು,” ದಾದಾಸಾಹೇಬ ಕುರ್ಚಿಗೆ ಒರಗಿದ. “ಬಂದ ದಾರಿಗೆ ಸುಂಕ ಇಲ್ಲ.”

“ತಡಿ,” ಎಂದ ಪರಪ್ಪ. “ಮತ್ತೊಮ್ಮೆ ಹಚ್ಚು.”

ಮುದುಕ ಹುಡುಗಿಯ ಕಡೆ ತಿರುಗಿದ. ಎರಡು ತೋರುಬೆರಳನ್ನು ಕೊಂಡಿಯಂತೆ ಸಿಕ್ಕಿಸಿ ಪಟಕ್ಕನೆ ಎರಡು ಕಡೆ ಎಳೆದ. ಹುಡುಗಿ ಬಾಯಿ ತೆರೆಯಲಿಲ್ಲ. ಹೆಬ್ಬೆರಳನ್ನು ತೋರುಬೆರಳ ಮೇಲೆ ಹೊಸೆದು ತೋರಿಸಿ, ಅಂಗೈಯನ್ನು ತನ್ನ ಎದೆಗೆ ತಟ್ಟಿಕೊಂಡಳು.

ಪರಪ್ಪನಿಗೆ ಆ ಮಾತು ಪೂರ್ತಿ ಕೇಳಿಸಿತು. ಮಗ್ಗದ ಶೆಡ್ಡಿನಲ್ಲಿ ಮಗ್ಗಗಳು ಓಡುವಾಗ ಬ್ರಹ್ಮ ಬಂದು ಕೂಗಿದರೂ ಕೇಳದು. ಅಲ್ಲಿಯ ಜನ ಕೈಯಿಂದ ಮಾತಾಡುತ್ತಾರೆ. ಕೊಂಡಿ ಬಿಚ್ಚಿದರೆ ‘ಎಳೆ ಹರಿಯಿತು’. ಬೆರಳು ಹೊಸೆದರೆ ‘ಗಂಟು ಹಾಕುತ್ತೇನೆ’. ಎದೆ ತಟ್ಟಿದರೆ ‘ನನ್ನ ಮಗ್ಗ, ನನಗೆ ಬಿಡು’. ಅವ್ವನ ಜೊತೆ ಶೆಡ್ಡಿನ ಮೂಲೆಯಲ್ಲಿ ಬೆಳೆದವನು ಅಕ್ಷರಕ್ಕಿಂತ ಮೊದಲು ಇದನ್ನು ಕಲಿತಿದ್ದ. ಮುದುಕ ಹೇಳಿದ್ದು: ನನಗೆ ಕಥೆಯ ಎಳೆ ತಪ್ಪಿತು. ಹುಡುಗಿ ಹೇಳಿದ್ದು: ನಾನು ಜೋಡಿಸಿ ಕೊಡುತ್ತೇನೆ, ನನ್ನ ಜವಾಬ್ದಾರಿ.

ಹಳದಿ ಅಕ್ಷರ ಯಾಕೆ ಬಂತು ಎಂಬುದು ತಿಳಿಯಿತು. ತಿಳಿದದ್ದಕ್ಕೆ ಪರಪ್ಪನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

“ಇಬ್ಬರೂ ನಮ್ಮ ಊರಾವ್ರು. ಮಗ್ಗದ ಮಂದಿ,” ಎಂದ. ದಾದಾಸಾಹೇಬ ಪಂಚರನ್ನು ಕರೆಸಿ ದೃಶ್ಯದ ಪಂಚನಾಮೆ ಬರೆದ.

16 ಆಗಸ್ಟ್, ಶನಿವಾರ, ಬೆಳಿಗ್ಗೆ ಎಂಟಕ್ಕೆ ಪರಪ್ಪ ಆ ದೃಶ್ಯವನ್ನು ತಾಯಿಯ ಮುಂದೆ ಹಿಡಿದ. ಇಚಲಕರಂಜಿಯ ಶೆಡ್ಡುಗಳಲ್ಲಿ ಅವಳಿಗೆ ಗೊತ್ತಿಲ್ಲದ ಕೈಗಳಿರಲಿಲ್ಲ. ಅಲ್ಲಿ ಒಬ್ಬೊಬ್ಬರ ಕೈಸನ್ನೆಗೆ ಒಂದೊಂದು ಠೀವಿ, ದನಿ ಇದ್ದ ಹಾಗೆ.

ಅಕ್ಕವ್ವ ಒಂದೇ ಸಲ ನೋಡಿದಳು. ಮುಖ ಅರಳಿತು. “ಅಪ್ಪಣ್ಣ ಅಲ್ಲೇನೋ ಇಂವಾ! ಎಳೀ ಹರಿದ್ರ ಹಿಂಗ ಕೈ ಒಗೆಯೋದು ಅಂವಾ ಒಬ್ಬನ. ಇದು ಅವನ ಮಗಳು ಸ್ನೇಹಲ. ಫೋಟೋ ಸ್ಟುಡಿಯೋದಾಗ ಲಗ್ನದ ವಿಡಿಯೋ ಜೋಡಸ್ತಾಳ. ನನ್ನ ಮೊಬೈಲ್‌ನ್ಯಾಗ ಸಿನಿಮಾ ಹಾಕಿ ಕೊಟ್ಟಾಕಿನೂ ಆಕಿನ. ಒಂದು ರೂಪಾಯಿ ಇಸಕೊಂಡಿಲ್ಲ. ಬಂಗಾರದಂಥ ಹುಡುಗಿ.” ಆಮೇಲೆ ಕೇಳಿದಳು, “ಯಾಕ? ಲಗ್ನದ ವಿಚಾರ ಏನರೆ ಐತೇನು?”

ಪರಪ್ಪ ಮೊಬೈಲನ್ನು ಕೆಳಗಿಟ್ಟ. ನಂತರ ತಾಯಿಯ ಎದುರು ಕುಳಿತು, ತುಟಿ ಓದಲು ಬರುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದ. ಅದು ಕದ್ದ ಸಿನಿಮಾ. ತನಿಖೆ ನನ್ನದು. ನಿನ್ನ ಮೊಬೈಲು ಕೊಡಬೇಕು.

ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸೆರಗಿನಿಂದ ಪರದೆ ಒರೆಸಿ ಕೊಟ್ಟಳು.

ಠಾಣೆಯಲ್ಲಿ ಪರಪ್ಪ ಹಿರಿಯ ಇನ್‌ಸ್ಪೆಕ್ಟರರಿಗೆ ಎಲ್ಲ ಹೇಳಿದ. ಮೂರು ದಿನ ಮುಚ್ಚಿಟ್ಟದ್ದನ್ನೂ ಹೇಳಿದ. ಅವರು ಹುಬ್ಬು ಗಂಟಿಕ್ಕಿ, ಮಗ ತಾಯಿಯ ಹೇಳಿಕೆ ಬರೆಯುವಂತಿಲ್ಲ, ದಾದಾಸಾಹೇಬ ಮನೆಗೆ ಹೋಗಿ ಬರೆಯಲಿ ಎಂದರು. ತಪ್ಪಿಗೆ ಲಿಖಿತ ವಿವರಣೆ ಕೊಡು, ಉಳಿದದ್ದು ಮುಗಿಸು ಎಂದರು. ಪಂಚರ ಮುಂದೆ ಅಕ್ಕವ್ವನ ಮೊಬೈಲಿಗೆ ಮೊಹರು ಬಿತ್ತು. ಮುದ್ದೆಮಾಲು ನಂಬರ್ ಒಂದು.

18 ಆಗಸ್ಟ್, ಸೋಮವಾರ, ಮಧ್ಯಾಹ್ನ ಎರಡೂವರೆ. ಮಹಿಳಾ ಕಾನ್‌ಸ್ಟೇಬಲ್ ಸಪನಾಳನ್ನು ಕರೆದುಕೊಂಡು ಪರಪ್ಪ ಸ್ಟುಡಿಯೋಕ್ಕೆ ಹೋದ. ಸ್ನೇಹಲ ಕಂಪ್ಯೂಟರಿನಲ್ಲಿ ಯಾರದೋ ಅರಿಷಿಣ ಕಾರ್ಯಕ್ರಮ ಜೋಡಿಸುತ್ತಿದ್ದಳು. ಇಪ್ಪತ್ತಾರು ವರ್ಷ, ತೆಳ್ಳಗಿನ ಮೈ, ಮಾತಾಡುವಾಗ ಕೈಯೂ ಜೊತೆಗೆ ಮಾತಾಡುವ ರೂಢಿ.

“ಕಂಬಳಿ ಕಾವಲು ನೀನ ತಗದದ್ದೇನು?”

“ಹೌದ್ರಿ.”

“ಹೆಂಗ?”

“ಮೊಬೈಲ್ ಮುಂದಿನ ಸೀಟಿನ ಸಂದ್ಯಾಗ ಸಿಗಿಸಿದ್ದೆ. ಮಾತು ಬ್ಯಾರೆ ರೆಕಾರ್ಡರ್‌ದಾಗ.”

“ಅದು ಅಪರಾಧ ಅಂತ ಗೊತ್ತಿತ್ತು?”

“ಗೊತ್ತಿತ್ರಿ. ಆಟ ಚಾಲೂ ಆಗೋ ಮುಂದ ಪರದೆ ಮ್ಯಾಲ ಬರದಿದ್ರಲ್ಲ.”

“ಗುಂಪಿಗೆ ಯಾಕ ಬಿಟ್ಟಿ?”

“ಗುಂಪು ನಾನ ಮಾಡಿದ್ದೆ. ಮೊದಲ ಅರವತ್ತು ಮಂದಿ ಇದ್ದರ್ರಿ. ಎಲ್ಲಾ ಕಿವಿ ಹೋದಾವ್ರು. ಆಮ್ಯಾಲ ಅವರ ಮಕ್ಕಳು, ಅವರ ಬೀಗರು... ನಾ ತಡಿಲಿಲ್ಲ. ತಪ್ಪಾತು.” ಅವಳು ಕೈ ಕಟ್ಟಿಕೊಂಡಳು. “ಆದ್ರ ಸಾಹೇಬ್ರ, ಕೇಳಿದ್ದೆ ನಾ. ಮೊದಲ ಕೇಳಿದ್ದೆ.”

“ಯಾರ್ನ?”

ಅವಳು ತನ್ನ ಇಮೇಲ್ ತೆರೆದು ತೋರಿಸಿದಳು. ಏಳು ಪತ್ರ, ಎಲ್ಲವೂ ಸಿನಿಮಾ ಕಂಪನಿಗೆ. ಮೊದಲನೆಯದು ಜುಲೈ 26: ಇಚಲಕರಂಜಿಗೆ ಯಾವಾಗ ಬರುತ್ತದೆ? ಮೂರನೆಯದು: ಮಗ್ಗಕ್ಕೆ ರಜೆ ಇರುವ ದಿನ ಒಂದೇ ಒಂದು ಆಟ ಕೊಡಿ, ಇನ್ನೂರು ಟಿಕೆಟ್ ನಾವೇ ತೆಗೆದುಕೊಳ್ಳುತ್ತೇವೆ. ಐದನೆಯದು: ಕಿವಿ ಕೇಳದವರಿದ್ದಾರೆ, ಮಾತು ಬರೆದ ಪ್ರತಿ ಇದ್ದರೆ ಮಾರುತ್ತೀರಾ? ಕೊನೆಯದು ಆಗಸ್ಟ್ 5, ಪ್ರತಿ ಹರಡಿದ ಹಿಂದಿನ ದಿನ: ಇಲ್ಲಿಯವರು ಹಣ ಕೊಡಲು ತಯಾರಿದ್ದಾರೆ, ಎಲ್ಲಿಗೆ ಕೊಡಬೇಕು ಹೇಳಿ. ಆರು ಪತ್ರಕ್ಕೆ ಮಶೀನು ಉತ್ತರ ಕೊಟ್ಟಿತ್ತು, ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ’. ಒಂದಕ್ಕೆ ಮಾತ್ರ ಮನುಷ್ಯರು ಬರೆದಿದ್ದರು, ‘ಮಹಾರಾಷ್ಟ್ರ ನಮ್ಮ ಯೋಜನೆಯಲ್ಲಿ ಇಲ್ಲ’.

ಸಪನಾ ಪರಪ್ಪನ ಮುಖ ನೋಡಿದಳು. “ಸರ್, ಇಂಥಾದಕ್ಕ ನೋಟೀಸ್ ಕೊಟ್ಟು ಬಿಡಾಕ ಬರತೈತಲ್ರಿ?”

ಬರುತ್ತಿತ್ತು. ಆದರೆ ಬೆಳಿಗ್ಗೆಯೇ ಮೇಲಿನಿಂದ ಫೋನ್ ಬಂದಿತ್ತು. ಬೆಂಗಳೂರಿನವರು ಪತ್ರಿಕೆಯವರನ್ನು ಕರೆಸಿದ್ದಾರೆ, ಬಂಧನ ಆಗಲೇಬೇಕು. ಪರಪ್ಪ ಕಂಪ್ಯೂಟರು, ರೆಕಾರ್ಡರು, ಮೊಬೈಲು ಜಪ್ತಿ ಮಾಡಿದ. ಏಳೂ ಪತ್ರಗಳ ಪ್ರತಿಯನ್ನು ತನ್ನ ಕೈಯಾರೆ ಪಂಚನಾಮೆಗೆ ಸೇರಿಸಿದ. ಕೇಳಿದ್ದಳು ಎಂಬುದು ಕಾಗದದ ಮೇಲಾದರೂ ಉಳಿಯಲಿ. ಬಂಧನದ ಸಮಯ ಸಂಜೆ ನಾಲ್ಕು ಹತ್ತು.

ಐದೂವರೆಗೆ ಠಾಣೆಯ ಹಾಲಿನಲ್ಲಿ ಜನ ತುಂಬಿದ್ದರು. ಅಭಯ ಕ್ಯಾಮೆರಾಗಳ ಮುಂದೆ ನಿಂತು, ಕಳ್ಳರಿಗೆ ಪಾಠ ಕಲಿಸಿದ ಕೊಲ್ಹಾಪುರ ಪೊಲೀಸರನ್ನು ಹೊಗಳುತ್ತಿದ್ದ. ಪರಪ್ಪ ಏಳು ಪತ್ರಗಳನ್ನು ಅವನ ಮುಂದೆ ಇಟ್ಟ.

“ಭಿಕ್ಷೆ ಬೇಡೋರೂ ಕೇಳಿ ತಿಂತಾರ ಅಂದಿದ್ರಿ. ಇಕಿ ಏಳ್ ಸಲ ಕೇಳ್ಯಾಳ.”

ಅಭಯ ಮೇಲಿನ ಹಾಳೆಯ ಮೇಲೆ ಕಣ್ಣಾಡಿಸಿದ. “ಇದು ಬೇರೆ ವಿಭಾಗದ್ದು ಸಾರ್. ನನಗೆ ಬರಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕವ್ವ ಕಾಣಿಸಿದಳು. ಯಾರೂ ಕರೆದಿರಲಿಲ್ಲ. ಕೈಯಲ್ಲಿ ಊಟದ ಡಬ್ಬಿ. ಪೊಲೀಸರನ್ನು, ಪತ್ರಿಕೆಯವರನ್ನು ದಾಟಿ ನೆಟ್ಟಗೆ ಬೆಂಚಿನ ಮೇಲಿದ್ದ ಸ್ನೇಹಲಳ ಹತ್ತಿರ ಹೋಗಿ ಡಬ್ಬಿ ಇಟ್ಟಳು. ಹುಡುಗಿ ತಲೆ ಎತ್ತಿದಳು. ಎರಡು ಬೆರಳನ್ನು ಕೊಂಡಿ ಮಾಡಿ ಬಿಚ್ಚಿ ತೋರಿಸಿದಳು. ಅಕ್ಕವ್ವ ಹೆಬ್ಬೆರಳು ಹೊಸೆದು, ತನ್ನ ಎದೆ ತಟ್ಟಿಕೊಂಡಳು. ಆ ಹಾಲಿನಲ್ಲಿ ಅದನ್ನು ಓದಬಲ್ಲವನು ಇನ್ನೊಬ್ಬನೇ ಇದ್ದ.

ಆಮೇಲೆ ಮಗನ ಕಡೆ ತಿರುಗಿದಳು. ಕಿವುಡರ ದನಿ ಗೋಡೆಗೆ ಬಡಿಯಿತು.

“ಪರಪ್ಪಾ, ನಂದು ಅರ್ಧ ಉಳದೈತಿ. ಮುದುಕಿಗೆ ತಂಗಿ ಸಿಕ್ಕಳೋ ಇಲ್ಲೋ ಗೊತ್ತಿಲ್ಲ. ನೀ ಪೂರಾ ನೋಡೀದಿ. ಹೇಳಬ್ಯಾಡ, ನನ್ನ ಕಣ್ಣಿಲೆ ನೋಡತೇನಿ.” ಅವಳು ಸೆರಗಿನ ಗಂಟು ಬಿಚ್ಚಿ ಒಂದು ಐನೂರರ ನೋಟು ಹೊರಗೆ ತೆಗೆದಳು. “ಕದ್ದದ್ದು ಬ್ಯಾಡ ಅಂದಿ, ಬ್ಯಾಡ. ಎಲ್ಲಿ ಹೋಗಿ ರೊಕ್ಕ ಕೊಟ್ಟು ನೋಡಬೇಕು, ಅಷ್ಟ ಹೇಳು.”

ಕ್ಯಾಮೆರಾದವರು ಕೈ ತಗ್ಗಿಸಿದರು. ಪರಪ್ಪ ಅಭಯನ ಕಡೆ ನೋಡಿದ. ಅಭಯ ತನ್ನ ಮೊಬೈಲಿನಲ್ಲಿ ಏನನ್ನೋ ಹುಡುಕತೊಡಗಿದ.

“ಎಲ್ಲೋ ಅದು?” ಅಕ್ಕವ್ವ ಮತ್ತೆ ಕೇಳಿದಳು, ನೋಟು ಚಾಚಿಕೊಂಡೇ. ಕಣ್ಣು ಮಗನ ತುಟಿಯ ಮೇಲಿತ್ತು.

ಅವ್ವನಿಗೆ ತೋರಿಸಲು ಒಂದು ಟಾಕೀಜೂ ಇರಲಿಲ್ಲ; ಪರಪ್ಪ ಮೇಜಿನ ಮೇಲಿನ ಟೋಪಿ ಎತ್ತಿಕೊಂಡ. ತಾಯಿಯ ಪಕ್ಕದಿಂದಲೇ ದಾಟಿ, ಮೆಟ್ಟಿಲಿಳಿದು, ರಸ್ತೆಗೆ ಬಿದ್ದ. ಎರಡೂ ಬದಿಯ ಶೆಡ್ಡುಗಳಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಅವನು ತಿರುಗಿ ನೋಡಲಿಲ್ಲ.